ಹಾರ ಹಾಕುವ ಫೋಟೋ

ನಮ್ಮ ಮನೆಯ ಮಿಕ್ಸರಿನ ನಡುವಿನ ಜಾರಿಗೆ ಹಳದಿ ಮುಚ್ಚಳ. ಕೊಂಡಾಗ ಅದು ನೀರಿನಷ್ಟು ತಿಳಿಯಾಗಿತ್ತು. ಮನೆಗೆ ಬಂದ ಹೆಂಗಸರು ಅಡುಗೆಮನೆಗೆ ಬಂದೇ ಬರುತ್ತಾರೆ, ಬಂದವರ ಕಣ್ಣು ಆ ಮುಚ್ಚಳದ ಮೇಲೆ ಬಿದ್ದೇ ಬೀಳುತ್ತದೆ. “ಏನ್ ರುಬ್ಬಿದ್ರಿ ಇದ್ರಾಗ?” ಎಂದು ಕೇಳುತ್ತಾರೆ. “ಫೋಟೋ ರುಬ್ಬಿದ್ದೆ” ಎನ್ನುತ್ತೇನೆ. ಅವರು ನಗುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ, ಆಮೇಲೆ ಚಹಾದ ಮಾತಿಗೆ ಬರುತ್ತಾರೆ. ಅರಿಶಿನದ ಕಲೆ ಬಿಸಿಲಿಗಿಟ್ಟರೆ ಹೋಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ನಾಶಿಕದ ಹತ್ತಿರದ ಈ ಓಝರಿನಲ್ಲಿ ಇರಲಿಕ್ಕಿಲ್ಲ. ಅದೇ ನನ್ನ ವಿದ್ಯೆ. ಆದರೂ ಆ ಮುಚ್ಚಳವನ್ನು ನಾನು ಬಿಸಿಲಿಗೆ ಇಡುವುದಿಲ್ಲ.

ನಾವು ಬಾಗಲಕೋಟೆ ಕಡೆಯವರು. ನನ್ನ ಗಂಡನಿಗೆ ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ನನಗೆ ನಾಶಿಕದ ಒಂದು ಬ್ಯಾಂಕಿನಲ್ಲಿ. ಫೋಟೋಗಳೊಂದಿಗೆ ನನ್ನ ಅಂದಿನ ಸಂಬಂಧವೆಂದರೆ ಗ್ರಾಹಕರ ಪುಟ್ಟ ಪುಟ್ಟ ಮುಖಗಳಿಗೆ ಗೋಂದು ಹಚ್ಚಿ ಅಂಟಿಸುವುದು, ಅರ್ಧ ಕಾಗದದ ಮೇಲೆ ಅರ್ಧ ಗಲ್ಲದ ಮೇಲೆ ಬೀಳುವಂತೆ ಠಸ್ಸೆ ಒತ್ತುವುದು. ಈ ಸೀಮೆಯ ಎಷ್ಟೋ ದ್ರಾಕ್ಷಿ ಬೆಳೆಗಾರರ ಮೂಗಿನ ಮೇಲೆ ನನ್ನ ಠಸ್ಸೆ ಇದೆ. ಇನ್ನು ನನ್ನವೇ ಫೋಟೋಗಳ ಮಾತು ಕೇಳಬೇಡಿ. ಚಿಕ್ಕಂದಿನಲ್ಲಿ ವರ್ಷಕ್ಕೊಮ್ಮೆ ಅಪ್ಪ ನಮ್ಮನ್ನೆಲ್ಲ ಸ್ಟುಡಿಯೋಕ್ಕೆ ಕರೆದೊಯ್ಯುತ್ತಿದ್ದ. ಹಿಂದೆ ಬಣ್ಣದ ಪರದೆ, ಅದರಲ್ಲಿ ಒಂದು ಕೊಳ, ಕೊಳದಲ್ಲಿ ಹಂಸ. ಸ್ಟುಡಿಯೋದವನು ತಣ್ಣನೆಯ ಬೆರಳಿನಿಂದ ಗದ್ದ ಎತ್ತಿ, “ಕಣ್ಣು ಮಿಟುಕಿಸಬ್ಯಾಡವಾ” ಎನ್ನುತ್ತಿದ್ದ. ಹಾಗೆಂದ ಕೂಡಲೇ ನನಗೆ ಕಣ್ಣಲ್ಲಿ ಮರಳು ಬಿದ್ದಂತಾಗುತ್ತಿತ್ತು. ಅಷ್ಟೂ ಫೋಟೋಗಳಲ್ಲಿ ಹಂಸ ಕಣ್ಣು ತೆರೆದಿದೆ, ನಾನು ಮುಚ್ಚಿದ್ದೇನೆ.

ಇಂಥವಳು ಮಗಳ ಮದುವೆ ಮುಗಿದ ಮೇಲೆ ಬ್ಯಾಂಕಿಗೆ ಸ್ವಯಂ ನಿವೃತ್ತಿ ಬರೆದುಕೊಟ್ಟು, ಸಂಭಾಜಿನಗರದ ಒಂದು ಕಲಾಶಾಲೆಗೆ ಎರಡು ವರ್ಷದ ಛಾಯಾಗ್ರಹಣ ಕಲಿಯಲು ಸೇರಿದೆ. ಮುಂದೆ ಹುಟ್ಟುವ ಮೊಮ್ಮಕ್ಕಳ ಹುಟ್ಟುಹಬ್ಬವನ್ನಾದರೂ ನೆಟ್ಟಗೆ ತೆಗೆಯಲು ಬರಲಿ ಎಂಬುದಷ್ಟೇ ನನ್ನ ಆಸೆ. ಪ್ರವೇಶ ಪತ್ರಿಕೆಯಲ್ಲಿ ‘ಪ್ರಾಯೋಗಿಕ’ ಎಂಬ ಶಬ್ದವಿತ್ತು. ಪ್ರಾಯೋಗಿಕ ಎಂದರೆ ಪ್ರಾಕ್ಟಿಕಲ್ ತಾನೇ, ಕೈಯಿಂದ ಮಾಡಿಸುತ್ತಾರೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಅವರ ಅರ್ಥ ‘ಹೊಸ ಪ್ರಯೋಗ ಮಾಡುವುದು’ ಎಂದಿತ್ತು. ಸೋಮವಾರ ಬೆಳಗಿನ ಬಸ್ಸು, ವಾರವಿಡೀ ಅಲ್ಲಿನ ಚಿಕಲಠಾಣಾ ಬಡಾವಣೆಯಲ್ಲಿ ಒಂದು ಬಾಡಿಗೆ ಕೋಣೆ, ಶುಕ್ರವಾರ ಸಂಜೆ ಮತ್ತೆ ಓಝರು. ಮೊದಲ ದಿನ ಹೊಸ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಹೋದೆ. ನಮ್ಮ ಮೇಷ್ಟ್ರು ನಿನಾದ್ ಸರ್, ಸಿಲ್ಲೋಡಿನ ಹತ್ತಿ ವ್ಯಾಪಾರಿಗಳ ಮನೆಯ ಹುಡುಗ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವನಿರಬಹುದು. ಬಂದವನೇ ಎಲ್ಲರ ಕ್ಯಾಮೆರಾ ಕಪಾಟಿನಲ್ಲಿ ಇಡಿಸಿ ಬೀಗ ಹಾಕಿದ. “ಮೊದಲನೇ ವರ್ಷ ಇದು ಬೇಡ” ಎಂದ. ಪಕ್ಕದ ಹುಡುಗಿ ನನ್ನ ಮುಖ ನೋಡಿ, “ಕಾಕು, ಪಾಣಿ ಪಾಹಿಜೆ ಕಾ?” ಎಂದು ನೀರಿನ ಬಾಟಲಿ ಕೊಟ್ಟಳು. ಅಂದಿನಿಂದ ಇಡೀ ವರ್ಗಕ್ಕೆ ನಾನು ಕಾಕು, ಅಂದರೆ ಚಿಕ್ಕಮ್ಮ.

ಆ ವರ್ಷ ನಾವು ಡಬ್ಬಿಗೆ ಸೂಜಿಯಿಂದ ತೂತು ಕೊರೆದೆವು, ಕಾಗದದ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದೆವು, ನೆರಳುಗಳನ್ನು ಹಿಂಬಾಲಿಸಿದೆವು. ಮುಖ ಮಾತ್ರ ಯಾರೂ ತೆಗೆಯಲಿಲ್ಲ. “ಮುಖ ತೋರಿಸೋದು ಸುಲಭ. ಆ ಮನುಷ್ಯ ಅಲ್ಲಿ ಇದ್ದ ಅನ್ನೋದನ್ನ ತೋರಿಸಿ” ಎನ್ನುತ್ತಿದ್ದರು ಸರ್. ನಾನು ತಲೆಯಾಡಿಸುತ್ತಿದ್ದೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು.

ಕೋಣೆಯ ಹತ್ತಿರ ಕುಂದಾಪುರದ ಶೆಟ್ಟರ ಹೋಟೆಲಿತ್ತು, ರಾತ್ರಿಯ ಊಟ ಅಲ್ಲೇ. ನಾನು ಏನು ಕಲಿಯುತ್ತೇನೆಂದು ತಿಳಿದ ಶೆಟ್ಟರು, “ಹಾಗಾದ್ರೆ ನಮ್ಮ ಮಸಾಲೆದೋಸೆದು ಒಂದು ಫೋಟೋ ತೆಗೆದು ಕೊಡಿ ಮೇಡಂ, ಬೋರ್ಡಿಗೆ ಹಾಕುವ” ಎಂದರು. ನಾನು ಮೂರು ದಿನ ಯೋಚಿಸಿ, ದೋಸೆ ತಿಂದೆದ್ದ ಮೇಲೆ ತಟ್ಟೆಯಲ್ಲಿ ಉಳಿಯುವ ಎಣ್ಣೆಯ ಗುರುತನ್ನು ಕಾಗದಕ್ಕೆ ಒತ್ತಿ ತೆಗೆದು ಕೊಟ್ಟೆ. ಶೆಟ್ಟರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. “ಚಂದ ಉಂಟು. ಆದ್ರೆ ದೋಸೆ ಎಲ್ಲಿ?” ಎಂದರು. ದೋಸೆ ಅಲ್ಲಿ ಇತ್ತು ಎಂಬುದೇ ಇದರ ಅರ್ಥ ಎಂದೆ. “ಹೌದಾ? ಗಿರಾಕಿಗೆ ಇತ್ತು ಅಂದ್ರೆ ಆಗುದಿಲ್ಲ ಮೇಡಂ, ಉಂಟು ಅನ್ಬೇಕು” ಎಂದರು. ಬೋರ್ಡಿಗೆ ಬೇರೆಯವರಿಂದ ತೆಗೆಸಿದರು. ನನಗೆ ಊಟಕ್ಕೆ ತುಪ್ಪ ಮಾತ್ರ ಮೊದಲಿನಷ್ಟೇ ಹಾಕುತ್ತಿದ್ದರು, ಒಳ್ಳೆಯ ಮನುಷ್ಯ.

ಶೆಟ್ಟರದು ಹೀಗೆ ಸುಖಾಂತವಾಯಿತು. ಅತ್ತೆಯವರದು ಅಷ್ಟು ಸುಲಭವಿರಲಿಲ್ಲ. ನಾನು ಕಲಿಯಲು ಹೊರಟಾಗ ಮನೆಯಲ್ಲಿ ಗಟ್ಟಿಯಾಗಿ ಬೆಂಬಲಿಸಿದವರು ಅವರೊಬ್ಬರೇ. ಎಂಬತ್ತು ದಾಟಿದ ಮುದುಕಿ, ಸೊಸೆ ವಾರಗಟ್ಟಲೆ ಪರವೂರಲ್ಲಿದ್ದರೆ ತಾನೇ ಒಲೆ ಮುಂದೆ ನಿಲ್ಲಬೇಕೆಂದು ಗೊತ್ತಿದ್ದೂ, “ಹೋಗ್ಲಿ ಬಿಡೋ, ಕಲೀಲಿ” ಎಂದು ಮಗನ ಬಾಯಿ ಮುಚ್ಚಿಸಿದರು. ಅದಕ್ಕೊಂದು ಕಾರಣವಿತ್ತು. ನಮ್ಮ ಕಡೆ ವಯಸ್ಸಾದವರು ಹಾರ ಹಾಕುವ ಫೋಟೋವನ್ನು ಮೊದಲೇ ತೆಗೆಸಿಟ್ಟುಕೊಳ್ಳುತ್ತಾರೆ. ತಾವು ಹೋದ ಮೇಲೆ ಗೋಡೆಗೆ ಏರುವ ಮುಖ ಯಾವುದಿರಬೇಕೆಂದು ತಾವೇ ಆರಿಸಿಕೊಳ್ಳುವ ಹಕ್ಕು ಅದು. ಅತ್ತೆಗೆ ಅದೊಂದು ಬಾಕಿ ಇತ್ತು.

“ನೀನ ತಗೀಬೇಕು. ಕಣ್ಣ ತೆರದಿರಬೇಕು. ಮೂಗಬಟ್ಟ ಕಾಣಬೇಕು. ನಗಬಾರದು. ಹಲ್ಲಿಲ್ದ ಬಾಯಿ, ನಕ್ಕರ ಜನ ಹೆದರತಾರ.”

ಅವರ ಈ ಹಟಕ್ಕೆ ಮಾವನವರ ಫೋಟೋ ಮೂಲ. ಮಾವ ಫೋಟೋ ತೆಗೆಸಿಕೊಳ್ಳದೆ ಏಕಾಏಕಿ ಹೋದರು. ಯಾರದೋ ಮದುವೆಯ ಗುಂಪು ಚಿತ್ರದಿಂದ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಆಗ ಪಕ್ಕದಲ್ಲಿದ್ದವನು ಮಾವನ ಹೆಗಲ ಮೇಲೆ ಕೈ ಹಾಕಿದ್ದ. ಆ ಮನುಷ್ಯ ಹೋದ, ಕೈ ಉಳಿಯಿತು. ಇವತ್ತಿಗೂ ನಾವು ಪ್ರತಿ ಪಕ್ಷಮಾಸದಲ್ಲಿ ಮಾವನಿಗೂ ಆ ಗುರುತಿಲ್ಲದ ನಾಲ್ಕು ಬೆರಳುಗಳಿಗೂ ಕೂಡಿಯೇ ಹಾರ ಹಾಕುತ್ತೇವೆ. “ಯಾವ ಭಾಡ್ಯಾನ ಕೈಯೋ ಏನೋ” ಎಂದು ಅತ್ತೆ ಪ್ರತಿ ಸಲ ಗೊಣಗುತ್ತಾರೆ. ತಮಗೆ ಹಾಗಾಗಬಾರದು, ಅಷ್ಟೇ ಅವರ ಬೇಡಿಕೆ.

ಇದು ದೊಡ್ಡ ಬೇಡಿಕೆಯೇನಲ್ಲ. ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸ. ಆದರೆ ಪ್ರತಿ ಶನಿವಾರ ಅತ್ತೆ ಇಳಕಲ್ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಾಗ ನನಗೊಂದು ನೆಪ ಸಿಗುತ್ತಿತ್ತು. ಮೊದಲ ವರ್ಷ ಕ್ಯಾಮೆರಾ ಮುಟ್ಟುವಂತಿಲ್ಲ ಎಂದೆ. ಎರಡನೇ ವರ್ಷ, ಮುಖ ತೆಗೆಯುವುದು ಹಳೆಯ ಪದ್ಧತಿ ಎಂದೆ. “ಸತ್ತವರಿಗೆ ಹಳೇ ಪದ್ಧತಿನ ಸಾಕವಾ” ಎಂದರು. ಬೆಳಕು ಸರಿಯಿಲ್ಲ ಎಂದೆ. ಬೆಳಕು ಯಾವತ್ತೂ ಸರಿಯಿರುತ್ತಿರಲಿಲ್ಲ. ಇವರು, ಅಂದರೆ ನನ್ನ ಗಂಡ, ಒಮ್ಮೆ ತಾವೇ ಮೊಬೈಲ್ ಎತ್ತಿದರು. “ನೀ ಬ್ಯಾಡ. ಕಲತಾಕಿ ಇದ್ದಾಳ ಮನ್ಯಾಗ” ಎಂದು ಅತ್ತೆ ಮುಖ ತಿರುಗಿಸಿದರು.

ಅಷ್ಟರಲ್ಲಿ ನಿನಾದ್ ಸರ್ ಅರಿಶಿನದ ಚಿತ್ರ ಕಲಿಸಿದರು. ಹಸಿ ಅರಿಶಿನವನ್ನು ರುಬ್ಬಿ, ಸ್ಪಿರಿಟ್ಟಿನಲ್ಲಿ ಕಲಸಿ, ಸೋಸಿ, ಕಾಗದಕ್ಕೋ ಬಟ್ಟೆಗೋ ಬಳಿದು ಕತ್ತಲಲ್ಲಿ ಒಣಗಿಸುವುದು. ಮೇಲೊಂದು ವಸ್ತು ಇಟ್ಟು ಬಿಸಿಲಿಗೆ ಹಾಕಿದರೆ ಬಿಸಿಲು ಬಿದ್ದಲ್ಲಿ ಬಣ್ಣ ಮಾಸುತ್ತದೆ, ವಸ್ತುವಿನ ಅಡಿಯಲ್ಲಿ ಉಳಿಯುತ್ತದೆ. ಆಮೇಲೆ ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಅದ್ದಿದರೆ ಉಳಿದ ಹಳದಿಯೆಲ್ಲ ಕೆಂಪಗಾಗುತ್ತದೆ. ಹಾಗಾದಾಗ ವರ್ಗದ ಹುಡುಗರೆಲ್ಲ ಬೆರಗಾಗಿ ಕೂಗಿದರು. ನಾನು ಕೂತೇ ಇದ್ದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನೋಡಲು ಕಾಲೇಜಿಗೆ ಬರಬೇಕೇ, ಎಷ್ಟು ಮದುಮಕ್ಕಳಿಗೆ ಆರತಿ ಕಲಸಿಲ್ಲ ನಾನು! ಎರಡು ವರ್ಷದಲ್ಲಿ ನನಗೆ ಮೊದಲೇ ಗೊತ್ತಿದ್ದ ಪಾಠ ಇದೊಂದೇ. ಆ ದಿನ ನನಗೆ ಸ್ವಲ್ಪ ಸೊಕ್ಕೂ ಬಂತು. ಈ ಚಿತ್ರಗಳದೊಂದು ದೋಷವೆಂದರೆ ಅವು ನಿಲ್ಲುವುದಿಲ್ಲ, ಬೆಳಕಿನಲ್ಲಿ ಇಟ್ಟಷ್ಟೂ ಮಾಸುತ್ತಾ ಹೋಗುತ್ತವೆ. ಸರ್‌ಗೆ ಅದೇ ಇಷ್ಟ.

ಕೊನೆಯ ಪ್ರದರ್ಶನಕ್ಕೆ ಏನು ಮಾಡಬೇಕೆಂದು ಆಗ ಹೊಳೆಯಿತು. ಚಳಿಗಾಲದ ಬೆಳಗು ಅತ್ತೆ ಕ್ವಾರ್ಟರ್ಸಿನ ಮಾಳಿಗೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾರೆ, ಚಾಪೆ ಹಾಸಿ ಅಲ್ಲೇ ಒಂದು ನಿದ್ದೆಯನ್ನೂ ತೆಗೆಯುತ್ತಾರೆ. ಚಾಪೆಯ ಮೇಲೆ ಅರಿಶಿನದ ಬಟ್ಟೆ ಹಾಸಿದರೆ ಆಳುದ್ದದ ಚಿತ್ರವೇ ಬರುತ್ತದಲ್ಲ! ಪ್ರದರ್ಶನವೂ ಆಯಿತು, ಅತ್ತೆಯ ಫೋಟೋವೂ ಆಯಿತು. ಹಳೆಯ ಧೋತರವೊಂದಕ್ಕೆ ಅರಿಶಿನ ಬಳಿದೆ. ಮಿಕ್ಸರಿನ ಮುಚ್ಚಳ ಹಾಳಾದದ್ದು ಆವಾಗಲೇ.

ಮಾಳಿಗೆಯಲ್ಲಿ ನೀರಿನ ಟಾಕಿಯ ನೆರಳು ತಪ್ಪಿಸಲು ತಲೆಯನ್ನು ಉತ್ತರಕ್ಕೆ ಹಾಕಿಸಬೇಕಾಯಿತು. ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕಿ ಯಾರೂ ಮಲಗುವುದಿಲ್ಲ. ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿದ್ದರೆ ಅತ್ತೆಯೇ ದಾರಿ ಮಾಡಿಕೊಟ್ಟರು.

“ಬದುಕಿದ್ದವರು ಹಾಕಂಗಿಲ್ಲ. ಈ ಫೋಟೋ ಯಾವಾಗಿಂದು? ಹೋದ ಮ್ಯಾಲಿಂದು. ಅದಕ್ಕ ಉತ್ತರಾನ ಬರೋಬ್ಬರಿ ಆತು.”

ಹೀಗೆಂದು ಆರಾಮವಾಗಿ ಅಂಗಾತ ಮಲಗಿದರು. ಕಣ್ಣಿಗೆ ಬಿಸಿಲು ಹೊಡೆಯಬಾರದೆಂದು ಮುಖದ ಮೇಲೆ ಬಿಳಿಯ ಪಂಚೆ ಹೊದಿಸಿದೆ. “ಅಲಗಬ್ಯಾಡ್ರಿ, ಅತ್ತಿ. ಅಲಗಿದ್ರ ಚಿತ್ರ ಕೆಡತೈತಿ” ಎಂದೆ. ಪಂಚೆಯೊಳಗಿಂದ ಹೂಂ ಎಂದರು. ಸ್ವಲ್ಪ ಹೊತ್ತು ಕೂತಿದ್ದೆ, ಆಮೇಲೆ ಹಾಲು ಒಲೆಯ ಮೇಲಿರುವುದು ನೆನಪಾಗಿ ಕೆಳಗಿಳಿದೆ.

ಎದುರಿನ ಮನೆಯ ಪದ್ದಕ್ಕ, ಧಾರವಾಡದ ಕಡೆಯವಳು, ಮೊರದಲ್ಲಿ ಕೆಂಪು ಮೆಣಸಿನಕಾಯಿ ಹಿಡಿದು ಒಣಹಾಕಲು ಮೇಲೆ ಬಂದದ್ದು ಆಗಲೇ. ಅವಳಿಗೆ ಕಂಡದ್ದು ಏನು? ನೆಲದ ಮೇಲೆ, ಉತ್ತರಕ್ಕೆ ತಲೆ, ಅರಿಶಿನದ ಬಟ್ಟೆ, ಮುಖದ ಮೇಲೆ ಮುಸುಕು. ಬೇರೆ ಊರಿನವರಾಗಿದ್ದರೆ ಮುದುಕಿ ಮಲಗಿದ್ದಾಳೆಂದು ತಿಳಿದು ಮೆಣಸಿನಕಾಯಿ ಹರವಿ ಹೋಗುತ್ತಿದ್ದರು. ಪದ್ದಕ್ಕನ ಕೈಯಿಂದ ಮೊರ ಬಿತ್ತು. “ಅಯ್ಯ ನಮ್ಮವ್ವಾ! ಹೋಗಿಬಿಟ್ರಲ್ರೀ!” ಎಂಬ ಕೂಗು ಮೂರು ಕಟ್ಟಡಗಳಿಗೆ ಕೇಳಿತು.

ನಾನು ಮೆಟ್ಟಿಲು ಹತ್ತಿ ಓಡಿದೆ. ಹಾಸಿದವಳು ನಾನು, ಮಲಗಿಸಿದವಳು ನಾನು, ಮುಖ ಮುಚ್ಚಿದವಳೂ ನಾನೇ. ಆದರೂ ಆ ಮೆಟ್ಟಿಲುಗಳ ಮೇಲೆ ನನಗೆ ನಿಜವೆಂದೇ ಅನಿಸಿಬಿಟ್ಟಿತು. ನಾನು ಹಾಲಿಗೆ ಹೋದಾಗ ಹೋಗಿಬಿಟ್ಟರೇ ಎಂದುಕೊಂಡೆ. ಮೇಲೆ ಹೋದವಳು ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಆಗಲೇ ನಾಲ್ಕೈದು ಹೆಂಗಸರು ಸುತ್ತ ಕೂತಿದ್ದರು. ಪದ್ದಕ್ಕ ಬಟ್ಟೆಯ ಮೇಲೆಯೇ ಮಂಡಿಯೂರಿ ಹಾಡಿ ಹಾಡಿ ಅಳುತ್ತಿದ್ದಳು. “ನಿನ್ನೆರ ಮಾತಾಡ್ಸಿದ್ರಲ್ರೀ ಯವ್ವಾ… ಸಂಕ್ರಾಂತಿಗೆ ಮಾದ್ಲಿ ಮಾಡೂದು ಕಲಸ್ತೇನಂದಿದ್ರಲ್ರೀ… ಬಾಯಿ ಒಂದೀಟು ಖಾರ, ಮನಸ್ಸು ಬಂಗಾರ…” ಕೆಳಗಿನ ಮನೆಯ ನಿರ್ಮಲಾ ವಹಿನಿ ಕಾರ್ಖಾನೆಗೆ ಫೋನು ಮಾಡಿ ಮುಗಿಸಿದ್ದಳು. ಅವಳೇ ಪಕ್ಕದವಳ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿದಳು: “ಸೂನ್ ಫೋಟೋ ಶಿಕ್ತೆ, ಪಣ್ ಸಾಸೂಚಾ ಏಕ್ ಚಾಂಗ್ಲಾ ಫೋಟೋ ನಾಹಿ.” ಸೊಸೆ ಫೋಟೋ ಕಲಿಯುತ್ತಾಳೆ, ಅತ್ತೆಯದೊಂದು ಒಳ್ಳೆಯ ಫೋಟೋ ಇಲ್ಲ.

ಪಂಚೆ ಸರಿಯಿತು. ಅತ್ತೆ ಎದ್ದು ಕೂತರು.

“ಆ ಫೋಟೋನ ತಗಿಸ್ಕೊಳ್ಳಾಕತ್ತೇನಿ! ಸುಮ್ನ ಕೂಡ್ರಿ ಎಲ್ಲಾರೂ!”

ಆಮೇಲಿನ ಗದ್ದಲವನ್ನು ನೀವೇ ಊಹಿಸಿಕೊಳ್ಳಿ. ಅತ್ತೆಗೆ ಮೊದಲಿನಿಂದಲೂ ಎಚ್ಚರವಿತ್ತು. ಯಾಕೆ ಮಾತಾಡಲಿಲ್ಲ ಎಂದರೆ, “ನೀನ ಹೇಳಿದ್ಯಲ್ಲ, ಅಲಗಬ್ಯಾಡ್ರಿ ಅಂತ” ಎಂದು ನನ್ನ ಕಡೆ ಬೆರಳು ತೋರಿಸಿದರು. ಪದ್ದಕ್ಕನನ್ನು ಕರೆದು, “ಒಂದೀಟು ಖಾರ ಅಂದ್ಯಲ್ಲ, ಎಷ್ಟು ಖಾರ?” ಎಂದು ವಿಚಾರಿಸಿಕೊಂಡರು. ಅಷ್ಟರಲ್ಲಿ ಇವರು ಬಂದರು. ಮಾಳಿಗೆಯ ಬಾಗಿಲಲ್ಲಿ ನಿಂತು, ತಾಯಿ ಕೂತು ಬೈಯುತ್ತಿರುವುದನ್ನು ನೋಡಿದವರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಹೆಲ್ಮೆಟ್ ತೆಗೆಯುವುದೂ ಅವರಿಗೆ ನೆನಪಾಗಲಿಲ್ಲ, ಅದರೊಳಗೇ ಅತ್ತರು. ಆ ದಿನ ಮಧ್ಯಾಹ್ನದವರೆಗೆ ಅತ್ತೆ ಕಾಲು ಚಾಚಿ, ಪದ್ದಕ್ಕ ಮಂಡಿಯೂರಿ ಅದೇ ಬಟ್ಟೆಯ ಮೇಲೆ ಕೂತಿದ್ದರು, ಅದನ್ನು ಎತ್ತುವ ನೆನಪು ಯಾರಿಗೂ ಇರಲಿಲ್ಲ.

ಸೋಡಾ ನೀರಿಗೆ ಹಾಕಿದಾಗ ಮೂಡಿದ ಚಿತ್ರ ಹೀಗಿತ್ತು: ಅತ್ತೆಯ ಕಾಲುಗಳು ಗಾಢವಾಗಿ, ಎದ್ದು ಕೂತದ್ದರಿಂದ ಎದೆ ಮತ್ತು ತಲೆ ತೆಳ್ಳಗೆ, ಪಕ್ಕದಲ್ಲಿ ಪದ್ದಕ್ಕನ ಎರಡು ಮಂಡಿ, ಸುತ್ತ ಚೆಲ್ಲಾಪಿಲ್ಲಿ ಮೆಣಸಿನಕಾಯಿ. ಕೆಟ್ಟಿತು ಎಂದುಕೊಂಡೇ ಸಂಭಾಜಿನಗರಕ್ಕೆ ಒಯ್ದೆ. ನಿನಾದ್ ಸರ್ ಅದನ್ನು ಗೋಡೆಗೆ ತೂಗುಹಾಕಿಸಿ ನೋಡಿದರು. “ಕಾಕು, ಇದನ್ನ ಯೋಚನೆ ಮಾಡಿ ಮಾಡೋಕೆ ಆಗ್ತಿರಲಿಲ್ಲ” ಎಂದರು. ಯೋಚನೆ ಮಾಡಿರಲಿಲ್ಲ ಎಂಬುದನ್ನು ನಾನು ಒಪ್ಪಿಕೊಂಡೆ.

ಪ್ರದರ್ಶನದ ದಿನ ಇವರು ಅತ್ತೆಯನ್ನು ಕಾರಿನಲ್ಲಿ ಕರೆತಂದರು. ಇಳಕಲ್ ಸೀರೆ, ಮೂಗುಬಟ್ಟು, ಕೈಯಲ್ಲಿ ಕೋಲು. ಪರೀಕ್ಷಕಿಯಾಗಿ ಬಂದಿದ್ದ ಪುಣೆಯ ಹೆಂಗಸು ನನ್ನ ಬಟ್ಟೆಯ ಮುಂದೆಯೇ ಇದ್ದಳು. ಅತ್ತೆ ಮೇಲಿಂದ ಕೆಳಗೆ ನೋಡಿದರು, ಹತ್ತಿರ ಹೋಗಿ ಮೂಸಿಯೂ ನೋಡಿದರು.

“ಇದ್ರಾಗ ನಾ ಎಲ್ಲಿದೇನಿ?”

ತೋರಿಸಿದೆ.

“ಇದು ಕಾಲು. ಇದು ಪದ್ದಿ. ಮಾರಿ ಎಲ್ಲಿ?”

“ತೆಳ್ಳಗ ಐತ್ರಿ, ಅಲ್ಲಿ.”

ಅತ್ತೆ ಕೋಲು ಎತ್ತಿ ಆ ತೆಳ್ಳನೆಯ ಜಾಗವನ್ನು ತೋರಿಸಿ, ಗಂಭೀರವಾಗಿ ಕೇಳಿದರು: “ಇದಕ್ಕ ಹಾರ ಎಲ್ಲಿ ಹಾಕತೀರಿ?”

ಪರೀಕ್ಷಕಿ ಏನೆಂದರು ಎಂದು ಕೇಳಿದಳು. ಇವರು ಹಿಂದಿಯಲ್ಲಿ ವಿವರಿಸಿದರು. ಅವಳು ಮೊದಲು ನಕ್ಕಳು, ಆಮೇಲೆ ಮತ್ತೆ ಬಟ್ಟೆಯ ಕಡೆ ತಿರುಗಿ ಏನೋ ಬರೆದುಕೊಂಡಳು. ನನಗೆ ಒಳ್ಳೆಯ ದರ್ಜೆಯೇ ಬಂತು.

ಬಟ್ಟೆಯನ್ನು ಮನೆಗೆ ತಂದು ಹಜಾರದಲ್ಲಿ ತೂಗುಹಾಕಿದೆ. ಬೇಸಿಗೆ ಏರಿದಂತೆ ಅದು ಮಾಸತೊಡಗಿತು. ಮೊದಲು ತಲೆ ಹೋಯಿತು, ಆಮೇಲೆ ಎದೆ. ಅತ್ತೆ ಎದುರಿಗೆ ಕೂತು ಅವಲಕ್ಕಿ ತಿನ್ನುತ್ತಾ ಅದನ್ನೇ ನೋಡುತ್ತಿದ್ದರು. ಒಂದು ಬೆಳಗ್ಗೆ, “ನಿನ್ನ ಫೋಟೋ ನನಗಿಂತ ಮೊದಲ ಹೊಂಟತಲ್ಲ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

“ಸುಮಾ, ಬಾ ಇಲ್ಲಿ. ನಿನಗ ಫೋಟೋ ತಗಿಯಾಕ ಬರೂದಿಲ್ಲಂತೇನಿಲ್ಲ. ತಗದ್ರ ಮುದುಕಿ ಹೋಗೇಬಿಡತಾಳ ಅಂತ ಅಂಜಿಕಿ. ಹೌದಿಲ್ಲೋ?”

ನಾನು ಬೆಳಕಿನ ಬಗ್ಗೆ ಏನೋ ಹೇಳಹೋದೆ.

“ಬೆಳಕು ಚಲೋ ಐತಿ. ತಗಿ.”

ಹೌದು, ಅದೇ ನಿಜ. ಹೊಸ ಪದ್ಧತಿ, ಹಳೆಯ ಪದ್ಧತಿ, ಮುಖ ಇರಬೇಕೋ ಬೇಡವೋ, ಎಲ್ಲ ಸುಳ್ಳು. ಅವ್ವನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು ನಾನು. ಈ ಮುದುಕಿಯೊಂದಿಗೆ ಇಷ್ಟು ವರ್ಷ ಜಗಳಾಡಿ, ಬೈಸಿಕೊಂಡು, ಒಂದೇ ತಾಟಿನಲ್ಲಿ ಮಾವಿನಹಣ್ಣು ತಿಂದು ಬದುಕಿದ್ದೇನೆ. ಅವರ ಸಿದ್ಧತೆ ಪೂರ್ತಿಯಾಗುವುದು ನನಗೆ ಬೇಕಿರಲಿಲ್ಲ.

ಕ್ಯಾಮೆರಾ ತಂದೆ. ಕಿಟಕಿಯ ಹತ್ತಿರ ಕೂಡಿಸಿದೆ. ಮೊದಲ ಕೆಲವು ಚಿತ್ರಗಳಲ್ಲಿ ಅವರ ಮುಖ ಹೊಗೆಯ ಹಾಗೆ ಬಂತು. ನಮ್ಮ ಕಲಾಶಾಲೆಯಲ್ಲಿ ಅವಕ್ಕೆ ಹೆಚ್ಚು ಅಂಕ ಬೀಳುತ್ತಿದ್ದವೇನೋ. ಕೊನೆಗೊಂದು ಸರಿಯಾಗಿ ಬಂತು: ಕಣ್ಣು ತೆರೆದಿದೆ, ಮೂಗುಬಟ್ಟು ಕಾಣುತ್ತದೆ, ನಗು ಇಲ್ಲ, ಹೆಗಲ ಮೇಲೆ ಯಾರ ಕೈಯೂ ಇಲ್ಲ. ಕಟ್ಟು ಹಾಕಿಸಿ ತಂದುಕೊಟ್ಟೆ. ಅತ್ತೆ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿಟ್ಟು, ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದರು. ನಾನು ಮಾತ್ರ ಮುಂದೆ ಎಷ್ಟೋ ದಿನ ಅವರು ಮಲಗಿದಾಗಲೆಲ್ಲ ಬಾಗಿಲಲ್ಲಿ ನಿಂತು ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ.

ಅದಾಗಿ ವರ್ಷದ ಮೇಲಾಯಿತು. ಹೋದ ವಾರ ಜಡಿಮಳೆ. ಅತ್ತೆ ಟ್ರಂಕು ತೆಗೆದು ಕೂತಿದ್ದರು. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕೈಯಿಂದ ತಮ್ಮ ಗಲ್ಲ ಮುಟ್ಟಿ ನೋಡುತ್ತಿದ್ದರು.

“ಸುಮಾ, ಇದು ಈಗ ನನ್ನಂಗಿಲ್ಲ ನೋಡು. ಇದ್ರಾಗ ಗಲ್ಲ ತುಂಬೇವು. ಇದಕ್ಕ ಹಾರ ಹಾಕಿದ್ರ ಜನ ಬ್ಯಾರೆ ಯಾರೋ ಅಂತಾರ. ಹೊಸಾದು ತಗೀಬೇಕು.”

“ಈಗ ಮೋಡ ಕವದೈತ್ರಿ ಅತ್ತಿ. ಬೆಳಕಿಲ್ಲ. ಚಳಿಗಾಲದಾಗ ತಗೀತೇನಿ” ಎಂದೆ.

ಕಿಟಕಿಯ ಹೊರಗೆ ನೋಡಿದರು. ಫೋಟೋವನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದರು.

“ಆತು, ಚಳಿಗಾಲದಾಗ ತಗಿ. ಅಲ್ಲೀಮಟಾ ಇರತೇನಿ” ಎಂದರು.